ಸೂಟ್‌ಕೇಸಿನಲ್ಲಿ ಅಕ್ಕಿ ಮೂಟೆ ಬೇಕೆ?

ಸ್ವಿಟ್ಜರ್ಲೆಂಡಿಗೆ ಹೊರಟ ಮೈಸೂರಿನ ಮನೆಗಳಲ್ಲಿ ಪ್ರಯಾಣಕ್ಕೆ ವಾರವಿರುವಾಗಲೇ ಹುಳಿಪುಡಿಗೆ ಧನಿಯಾ ಹುರಿಯುವ ಘಮ ಏಳುತ್ತದೆ. ಅಲ್ಲಿ ಎಲ್ಲವೂ ದುಬಾರಿ, ಅಕ್ಕಿಯಿಂದ ತುಪ್ಪದವರೆಗೆ ಇಲ್ಲಿಂದಲೇ ಹೊತ್ತೊಯ್ದರೆ ದುಡ್ಡು ಉಳಿಯುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಹುಳಿಪುಡಿಯ ಮಟ್ಟಿಗೆ ಅದು ನಿಜ. ಅಕ್ಕಿ, ತುಪ್ಪದ ಮಟ್ಟಿಗೆ ಸುಳ್ಳು.

ಅಲ್ಲಿ ಕೈ ಸುಡುವುದು ಹೋಟೆಲಿನ ಬಿಲ್ಲು. ಬೇಯಿಸಿ ಬಡಿಸುವವರ ಸಂಬಳವೇ ಅದರ ದೊಡ್ಡ ಪಾಲು. ತೆರಿಗೆಯೂ ಬೇರೆ: 2024ರ ಜನವರಿಯಿಂದ ಹೋಟೆಲಿನಲ್ಲಿ ಕೂತು ಉಂಡರೆ ಶೇ. 8.1, ದಿನಸಿ ಕೊಂಡರೆ ಶೇ. 2.6. ಅದೇ ಊಟವನ್ನು ಕಟ್ಟಿಸಿಕೊಂಡು ಹೋದರೂ ಶೇ. 2.6 ಮಾತ್ರ. ಮಿಗ್ರೋಸ್ ಅಂಗಡಿಯ ‘ಎಂ-ಬಜೆಟ್’, ಕೋಪ್‌ನ ‘ಪ್ರಿ ಗ್ಯಾರಂಟಿ’ ಹೆಸರಿನ ಪೊಟ್ಟಣಗಳಲ್ಲಿ ಅಕ್ಕಿ, ಹಾಲು, ಮೊಸರು ಅಗ್ಗಕ್ಕೆ ಸಿಗುತ್ತವೆ. ಅಗ್ಗವೆಂದರೆ ಕಳಪೆ ಎಂದು ಹೆದರಬೇಕಿಲ್ಲ; ಆಹಾರ ಸುರಕ್ಷತೆಯ ಕಾನೂನು ಎಲ್ಲಕ್ಕೂ ಒಂದೇ. ಭಾನುವಾರ ಮಾತ್ರ ಹೆಚ್ಚಿನ ಅಂಗಡಿಗಳಿಗೆ ಬಾಗಿಲು. ಆ ದಿನ ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿಯೇ ಗತಿ.

ಇನ್ನು ತುಪ್ಪದ ಮಾತು. ಕಂಪನಿಯ ಸೀಲ್ ಇದ್ದರೆ ಬಿಡುತ್ತಾರೆ ಎಂದು ಅನೇಕರು ಧೈರ್ಯವಾಗಿ ತುಂಬಿಕೊಳ್ಳುತ್ತಾರೆ. ಅಧಿಕಾರಿಗಳು ನೋಡುವುದು ಡಬ್ಬದೊಳಗೆ ಏನಿದೆ ಎಂಬುದನ್ನು. ಕಾಲುಬಾಯಿ ಜ್ವರದಂಥ ಜಾನುವಾರು ರೋಗ ಒಳಬಾರದೆಂದು ಭಾರತದಂಥ ದೇಶಗಳ ಹಾಲಿನ ಪದಾರ್ಥ, ಮಾಂಸಗಳನ್ನು ಪ್ರಯಾಣಿಕರು ತರುವುದನ್ನೇ ಸ್ವಿಟ್ಜರ್ಲೆಂಡ್ ನಿಷೇಧಿಸಿದೆ. ಅಮೆರಿಕಕ್ಕೆ ಹೋಗುವವರಿಗೆ ಅಕ್ಕಿಯದೇ ತೊಡಕು: ದಾಸ್ತಾನು ಧಾನ್ಯ ತಿನ್ನುವ ಖಾಪ್ರಾ ಕೀಟದ ಭಯದಿಂದ ಭಾರತದ ಅಕ್ಕಿಯನ್ನು ಪ್ರಯಾಣಿಕರ ಸಾಮಾನಿನಲ್ಲಿ ಬಿಡುವುದಿಲ್ಲ.

ಸ್ವಿಟ್ಜರ್ಲೆಂಡಿನ ಹಸಿರು ಸಾಮಾನಿನ ನಿಯಮವಂತೂ ಮೈಸೂರಿನ ದೇವರಾಜ ಮಾರುಕಟ್ಟೆಗೆಂದೇ ಬರೆದಂತಿದೆ. ಭೌಗೋಳಿಕ ಸೂಚಕ ಪಡೆದ ನಮ್ಮ ಮೂರು ಹೆಮ್ಮೆಗಳಲ್ಲಿ ಮೈಸೂರು ಮಲ್ಲಿಗೆ, ವೀಳ್ಯದೆಲೆ ಎರಡಕ್ಕೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಕರಿಬೇವಿಗೂ ಅಷ್ಟೇ. ನಂಜನಗೂಡು ರಸಬಾಳೆಗೆ ಬೇಡ. 2020ರಿಂದ ಜಾರಿಯಲ್ಲಿರುವ ಸ್ವಿಸ್ ನಿಯಮದಲ್ಲಿ ಬಾಳೆ, ತೆಂಗಿನಕಾಯಿ, ಅನಾನಸ್, ಖರ್ಜೂರ, ಡುರಿಯನ್ ಐದಕ್ಕೆ ಮಾತ್ರ ವಿನಾಯಿತಿ. ಹಾಗೆಂದು ಒಣಕೊಬ್ಬರಿ ಗಿಟುಕು ತುಂಬಿಕೊಂಡರೆ ಇಲ್ಲಿನ ವಿಮಾನ ನಿಲ್ದಾಣದಲ್ಲೇ ತಡೆದಾರು. ಎಣ್ಣೆಯಂಶದಿಂದ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಸರಕುಗಳ ಪಟ್ಟಿಯಲ್ಲಿ ಕೊಬ್ಬರಿಯಿದೆ.

ಬಿಸಿ ಮಾಡಿ ತಿನ್ನುವ ಪೊಟ್ಟಣದ ಊಟ ಫ್ರಿಜ್ ಇಲ್ಲದೆ ಕೆಡದಿರಬೇಕಾದರೆ ರಾಸಾಯನಿಕ ಸುರಿದಿರಲೇಬೇಕು ಎಂಬ ಅನುಮಾನವೂ ಉಂಟು. ಭಾರತದಲ್ಲಿ ಸೈನಿಕರಿಗಾಗಿ ಈ ವಿದ್ಯೆಯನ್ನು ಬೆಳೆಸಿದ್ದು 1961ರಲ್ಲಿ ಮೈಸೂರಿನಲ್ಲೇ ಆರಂಭವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ. ಗಾಳಿಯಾಡದಂತೆ ಮುಚ್ಚಿದ ಪೊಟ್ಟಣವನ್ನು ಹೆಚ್ಚು ಒತ್ತಡದಲ್ಲಿ ಕಾಯಿಸಿ ಸೂಕ್ಷ್ಮಾಣುಗಳನ್ನು ಕೊಲ್ಲುವುದೇ ಅದರ ಗುಟ್ಟು. ಕೊಳ್ಳುವಾಗ ತುಪ್ಪ, ಪನೀರ್ ಇದೆಯೇ ಎಂದು ಹಿಂಬದಿ ಓದಿಕೊಳ್ಳಬೇಕು, ಅಷ್ಟೇ.

ನೀರಿನ ಬಾಟಲಿಗೆ ಸುರಿಯುವ ದುಡ್ಡು ಶುದ್ಧ ದಂಡ. ಜೂರಿಕ್ ನಗರವೊಂದರಲ್ಲೇ 1,200ಕ್ಕೂ ಹೆಚ್ಚು ಕಾರಂಜಿಗಳಲ್ಲಿ ಕುಡಿಯುವ ನೀರು ಹರಿಯುತ್ತದೆ. ಖಾಲಿ ಬಾಟಲಿ ಒಂದನ್ನೂ ಕಾಲು ಕಿಲೋ ಸಾರಿನ ಪುಡಿಯನ್ನೂ ಮೈಸೂರಿನಿಂದ ಒಯ್ದರೆ, ಅಲ್ಲಿನ ಅಂಗಡಿಯ ಚನ್ನಂಗಿಬೇಳೆಯಲ್ಲಿ ರಾತ್ರಿಗೆ ಬಿಸಿ ಸಾರು ಕುದಿಯುತ್ತದೆ.