ಪೆಟ್ಟು ಕಾಲಿಗೆ, ಕಿಡ್ನಿ ಏಕೆ ನಿಂತಿತು?

ಬೀದರ್, ಕಲಬುರಗಿ, ರಾಯಚೂರು ಕಡೆಯವರು ದೊಡ್ಡ ಅಪಘಾತವಾದರೆ ಗಾಯಾಳುವನ್ನು ಹೈದರಾಬಾದಿಗೆ ಕರೆತರುವುದು ಹಳೆಯ ರೂಢಿ. ಪಂಜಾಗುಟ್ಟದ ನಿಮ್ಸ್ ಆಸ್ಪತ್ರೆಯ ಆಸುಪಾಸಿನಲ್ಲಿ ಔಷಧಿ ಚೀಟಿ ಹಿಡಿದ ಕನ್ನಡಿಗರು ಸಿಗುತ್ತಾರೆ. "ಪೆಟ್ಟು ಬಿದ್ದಿದ್ದು ಕಾಲಿಗ್ರಿ, ಕಿಡ್ನಿ ಯಾಕ ಫೇಲ್ ಆತು? ಇನ್ನ ಮುಗೀತೇನ್ರಿ?" ಎಂಬುದು ಅವರ ಪ್ರಶ್ನೆ.

ಈ ಭಯಕ್ಕೆ ಕಾರಣವಿದೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಸಿಲುಕಿಯೂ ಜೀವಂತವಾಗಿ ಸಿಕ್ಕ ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ, ದೆಹಲಿಯ ಸೇನಾ ಆಸ್ಪತ್ರೆಯಲ್ಲಿ 11ರಂದು ತೀರಿಕೊಂಡರು. 'ಬಹು ಅಂಗಾಂಗ ವೈಫಲ್ಯ' ಎಂಬ ಮಾತು ನಮ್ಮಲ್ಲಿ ಅನೇಕರ ಕಿವಿಗೆ ಬಿದ್ದದ್ದು ಆಗಲೇ. ಆದರೆ ಎಲ್ಲರಿಗೂ ಹಾಗೇ ಆಗುವುದಿಲ್ಲ.

ಸ್ನಾಯು ಜಜ್ಜಿಹೋದಾಗ ಅದರೊಳಗಿನ ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನ್ ರಕ್ತಕ್ಕೆ ಸೇರಿ ಕಿಡ್ನಿಯ ಸೂಕ್ಷ್ಮ ನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಬಹುದು. ಲಂಡನ್ನಿನ ಬಾಂಬ್ ದಾಳಿಯಲ್ಲಿ ಅವಶೇಷಗಳಡಿ ಸಿಲುಕಿದ್ದವರಲ್ಲಿ ಇದನ್ನು ಕಂಡು 1941ರಲ್ಲಿ ವಿವರಿಸಿದವರು ಎರಿಕ್ ಬೈವಾಟರ್ಸ್. ಡಯಾಲಿಸಿಸ್ ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ರಕ್ತಸ್ರಾವ ಮತ್ತು ಸೋಂಕಿನಿಂದ ರಕ್ತದೊತ್ತಡ ಕುಸಿದರೂ ಕಿಡ್ನಿಗೆ ಇದೇ ಗತಿ. ಶ್ವಾಸಕೋಶ, ಯಕೃತ್ತು ಕೂಡ ಸೊರಗಬಹುದು.

ಡಯಾಲಿಸಿಸ್ ಶುರುವಾದರೆ ಜೀವನಪೂರ್ತಿ ಎಂದುಕೊಳ್ಳಬೇಡಿ. ನಾಳಗಳ ಒಳಪದರದ ಜೀವಕೋಶಗಳು ಮತ್ತೆ ಬೆಳೆಯಬಲ್ಲವು. ಅಲ್ಲಿಯವರೆಗೆ ಯಂತ್ರ ಕಿಡ್ನಿಯ ಕೆಲಸ ಮಾಡುತ್ತದೆ. ಅದಕ್ಕೆ ವಾರಗಳೇ ಹಿಡಿಯಬಹುದು. ಚೇತರಿಸುವಾಗ ಕೆಲವರಿಗೆ ಲೀಟರುಗಟ್ಟಲೆ ಮೂತ್ರ ಹೋಗುತ್ತದೆ. ಮನೆಯವರು ಮತ್ತೆ ಗಾಬರಿಯಾಗುತ್ತಾರೆ, ಆದರೆ ಅದು ಹೆಚ್ಚಾಗಿ ಒಳ್ಳೆಯ ಸೂಚನೆಯೇ. ನೀರು, ಪೊಟ್ಯಾಸಿಯಂ ಕಡಿಮೆಯಾಗದಂತೆ ವೈದ್ಯರು ನಿಗಾ ಇಡುತ್ತಾರೆ. ಮೂರು ತಿಂಗಳು ದಾಟಿಯೂ ಸುಧಾರಿಸದಿದ್ದರೆ ದೀರ್ಘಕಾಲದ ಕಿಡ್ನಿ ಕಾಯಿಲೆ ಎಂದು ಪರಿಗಣಿಸುತ್ತಾರೆ.

ಚೀಟಿ ದಿನಕ್ಕೊಂದು ಥರ ಬದಲಾಗುತ್ತದೆಂದು ಸಿಟ್ಟಾಗುವವರಿದ್ದಾರೆ. ಅನೇಕ ಆಂಟಿಬಯಾಟಿಕ್‌ಗಳ ಪ್ರಮಾಣವನ್ನು ಆಯಾ ದಿನದ ಕಿಡ್ನಿ ಸ್ಥಿತಿ ನೋಡಿಯೇ ನಿರ್ಧರಿಸಬೇಕು, ಹಾಗಾಗಿ ಅದು ಬದಲಾಗುವುದೇ ಸರಿ.

ನನಗೆ ಹೆಚ್ಚು ಚಿಂತೆಯಾಗುವುದು ಡಿಸ್ಚಾರ್ಜ್ ಆದ ಮೇಲಿನ ದಿನಗಳ ಬಗ್ಗೆ. ಮೂಳೆ ನೋಯುತ್ತದೆ, ಊರಿನ ಅಂಗಡಿಯಲ್ಲಿ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೇನ್ ಚೀಟಿಯಿಲ್ಲದೆಯೂ ಸಿಕ್ಕಿಬಿಡುತ್ತದೆ. ಇವು ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಈಗಷ್ಟೇ ಚೇತರಿಸಿದ ಕಿಡ್ನಿ ಮತ್ತೆ ಕೈಕೊಡಬಹುದು. ನೋವಿಗೆ ಏನು, ಎಷ್ಟು ಎಂದು ವೈದ್ಯರಿಂದ ಬರೆಸಿಕೊಂಡೇ ಹೊರಡಿ. 'ಕಿಡ್ನಿ ಶುದ್ಧಿ' ಪುಡಿಗಳನ್ನೂ ದೂರವಿಡಿ.

ಇನ್ನೊಂದು ವಿಷಯ. ಕ್ರಿಯೇಟಿನಿನ್ ಸ್ನಾಯುವಿನಿಂದ ಬರುವಂಥದ್ದು. ತಿಂಗಳುಗಟ್ಟಲೆ ಮಲಗಿ ಸ್ನಾಯು ಕರಗಿದವರ ರಿಪೋರ್ಟಿನಲ್ಲಿ ಅದು ಕಡಿಮೆ ಕಾಣಬಹುದು, ಕಿಡ್ನಿ ಪೂರ್ತಿ ಸುಧಾರಿಸಿರದಿದ್ದರೂ. ಮೂರು ತಿಂಗಳ ತಪಾಸಣೆಗೆ ಹೋದಾಗ ಎಷ್ಟು ತೂಕ ಇಳಿದಿದೆ ಎಂದು ಹೇಳಿ, ಸಿಸ್ಟಾಟಿನ್ ಸಿ ಪರೀಕ್ಷೆ ಬೇಕೇ ಎಂದು ಕೇಳಿ.