ಬಸಿಯಲ್ಲಿ ಚಹಾ ಕುಡಿದರೆ ತಪ್ಪೇನು?

ಇಂಥ ಒಂದು ದೃಶ್ಯವನ್ನು ನೀವೂ ನೋಡಿರಬಹುದು. ಧಾರವಾಡದ ಕಡೆಯ ಅಜ್ಜ ಬೆಂಗಳೂರಿನ ಮಗನ ಮನೆಗೆ ಬಂದಿದ್ದಾರೆ. ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ಎಲ್ಲರೂ ದೊಡ್ಡ ಹೋಟೆಲಿಗೆ ಹೋಗುತ್ತಾರೆ. ಊಟ ಮುಗಿದು ಚಹಾ ಬರುತ್ತದೆ. ಅಜ್ಜ ಎಂದಿನಂತೆ ಕಪ್ಪಿನ ಚಹಾವನ್ನು ಬಸಿಗೆ ಸುರಿದು, ಎರಡೂ ಕೈಯಲ್ಲಿ ಹಿಡಿದು, ಸುರ್ ಎಂದು ಹೀರುತ್ತಾರೆ. ಪಕ್ಕದ ಮೇಜಿನವರು ತಿರುಗಿ ನೋಡುತ್ತಾರೆ. ಮೊಮ್ಮಗಳ ಮುಖ ಕೆಂಪಾಗುತ್ತದೆ.

“ಅಜ್ಜಾ, ಬಸ್ಯಾಗ ಕುಡೀಬ್ಯಾಡ. ಎಲ್ಲಾರೂ ನೋಡಾಕತ್ತಾರ.”

“ಬಿಸಿ ಐತಿ ಪುಟ್ಟಿ, ನಾಲಿಗಿ ಸುಡತೈತಿ” ಎನ್ನುತ್ತಾರೆ ಅಜ್ಜ. ಆದರೆ ಬಸಿ ಮೆಲ್ಲನೆ ಕೆಳಗಿಳಿಯುತ್ತದೆ. ಉಳಿದ ಚಹಾ ಕಪ್ಪಿನಲ್ಲೇ ಆರಿಹೋಗುತ್ತದೆ.

ಅಜ್ಜ ಮಾಡಿದ ತಪ್ಪಾದರೂ ಏನು? ಚಹಾ ಚೆಲ್ಲಲಿಲ್ಲ, ಯಾರ ಮೈಮೇಲೂ ಬೀಳಲಿಲ್ಲ. ಹಾಗಿದ್ದರೆ ಆ ಹುಡುಗಿಗೆ ನಾಚಿಕೆಯಾದದ್ದು ಏಕೆ? ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ, ಸ್ವಲ್ಪ ದೂರಕ್ಕೆ ಹೋಗಬೇಕು.

ಬಸಿಯ ಹಳೆಯ ಗತ್ತು

ಚಹಾ ಯುರೋಪಿಗೆ ಹೋದದ್ದು ಚೀನಾದಿಂದ. ಅದರ ಜೊತೆಗೆ ಹೋದ ಪಿಂಗಾಣಿ ಬಟ್ಟಲುಗಳಿಗೆ ಹಿಡಿಯೇ ಇರಲಿಲ್ಲ. ಬಿಸಿ ಬಟ್ಟಲನ್ನು ಹಿಡಿಯುವುದು ಕಷ್ಟ. ಚಹಾವನ್ನು ಬಸಿಗೆ ಸುರಿದು ಆರಿಸಿ ಕುಡಿಯುವ ರೂಢಿ ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿತ್ತು. ಅಮೆರಿಕದಲ್ಲಂತೂ 19ನೇ ಶತಮಾನದ ಮೊದಲ ಭಾಗದಲ್ಲಿ ಇದಕ್ಕೆಂದೇ ಪುಟ್ಟ ಗಾಜಿನ ತಟ್ಟೆಗಳನ್ನು ತಯಾರಿಸುತ್ತಿದ್ದರು. ಬಸಿಯಲ್ಲಿ ಕುಡಿಯುವಾಗ ಖಾಲಿ ಕಪ್ಪನ್ನು ಮೇಜುಬಟ್ಟೆಯ ಮೇಲೆ ಇಟ್ಟರೆ ಕಲೆಯಾಗುತ್ತದಲ್ಲ, ಅದಕ್ಕೆ ಆ ತಟ್ಟೆ. ಇಂದು ಅವು ಹಳೆಯ ವಸ್ತು ಸಂಗ್ರಹಿಸುವವರ ಕಪಾಟಿನಲ್ಲಿವೆ.

ರಷ್ಯಾದ ಚಿತ್ರಕಾರ ಬೋರಿಸ್ ಕುಸ್ತೋದಿಯೇವ್ 1918ರಲ್ಲಿ ಬರೆದ ಒಂದು ಹೆಸರಾಂತ ಚಿತ್ರವಿದೆ. ಅದರಲ್ಲಿ ಶ್ರೀಮಂತ ವರ್ತಕನ ಹೆಂಡತಿಯೊಬ್ಬಳು ಹಣ್ಣುಹಂಪಲು ತುಂಬಿದ ಮೇಜಿನ ಮುಂದೆ ರಾಣಿಯಂತೆ ಕುಳಿತು ಚಹಾ ಕುಡಿಯುತ್ತಿದ್ದಾಳೆ. ಅವಳ ಬೆರಳ ತುದಿಯಲ್ಲಿ ಇರುವುದು ಬಸಿ!

ಮುಂದೆ ಕಾಲ ಬದಲಾಯಿತು. ದೊಡ್ಡ ಮನೆಗಳವರು ಕಪ್ಪಿನಲ್ಲೇ ಕುಡಿಯತೊಡಗಿದರು. ಬಸಿಯಲ್ಲಿ ಕುಡಿಯುವವರು ಹಳ್ಳಿಗರು, ಕೂಲಿಯವರು ಎಂಬ ಮಾತು ಬಂತು. ಚಹಾ ಅದೇ, ಬಸಿ ಅದೇ. ಬದಲಾದದ್ದು ನೋಡುವವರ ಕಣ್ಣು ಮಾತ್ರ.

ಫೋರ್ಕ್ ಹಿಡಿದವನನ್ನು ನಕ್ಕರು

ಇಂದು ಕೈಯಲ್ಲಿ ಉಣ್ಣುವವರನ್ನು ಕಂಡು ಮೂಗು ಮುರಿಯುವವರಿದ್ದಾರೆ. ಆದರೆ ಒಂದು ಕಾಲಕ್ಕೆ ಯುರೋಪಿನಲ್ಲಿ ನಗೆಗೀಡಾದವರು ಫೋರ್ಕ್ ಹಿಡಿದವರು! 11ನೇ ಶತಮಾನದಲ್ಲಿ ಬೈಜಾಂಟಿಯಂನಿಂದ ವೆನಿಸ್ ನಗರಕ್ಕೆ ಮದುವೆಯಾಗಿ ಬಂದ ರಾಜಮನೆತನದ ಹೆಣ್ಣುಮಗಳೊಬ್ಬಳು ಚಿನ್ನದ ಫೋರ್ಕಿನಿಂದ ತಿನ್ನುತ್ತಿದ್ದಳು. ಇದೆಂಥ ಸೊಕ್ಕು ಎಂದು ಅಲ್ಲಿನ ಧರ್ಮಗುರುವೊಬ್ಬರು ಕಟುವಾಗಿ ಬರೆದರು.

ಮುಂದೆ ಥಾಮಸ್ ಕೊರಿಯಟ್ ಎಂಬ ಇಂಗ್ಲಿಷ್ ಅಲೆಮಾರಿ ಇಟಲಿಯಲ್ಲಿ ಫೋರ್ಕ್ ಬಳಸುವುದನ್ನು ಕಂಡು ಮೆಚ್ಚಿದ. ಎಲ್ಲರ ಬೆರಳುಗಳೂ ಒಂದೇ ರೀತಿ ಶುಚಿಯಾಗಿರುವುದಿಲ್ಲ, ಅದಕ್ಕೇ ಎಲ್ಲರೂ ಹಂಚಿಕೊಳ್ಳುವ ಮಾಂಸದ ತಟ್ಟೆಗೆ ಕೈ ಹಾಕುವುದು ಅವರಿಗೆ ಸೇರದು ಎಂದು 1611ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಬರೆದ. ಊರಿಗೆ ಮರಳಿದ ಮೇಲೂ ಫೋರ್ಕ್ ಬಳಸಿದ. ಗೆಳೆಯರು ಅವನಿಗೆ ಅಡ್ಡಹೆಸರಿಟ್ಟು ಗೇಲಿ ಮಾಡಿದರು. ಇದೇ ಕೊರಿಯಟ್ ಮುಂದೆ ಬಹುಪಾಲು ಕಾಲ್ನಡಿಗೆಯಲ್ಲೇ ನಮ್ಮ ದೇಶಕ್ಕೂ ಬಂದ. 1617ರಲ್ಲಿ ಸೂರತ್‌ನಲ್ಲಿ ತೀರಿಕೊಂಡ.

ಅವನು ಕೊಟ್ಟ ಕಾರಣ ಗಮನಿಸಿ. ಒಂದೇ ತಟ್ಟೆಯಿಂದ ಎಲ್ಲರೂ ತೆಗೆದುಕೊಳ್ಳುವ ಕಡೆ ಫೋರ್ಕ್ ಉಪಯೋಗದ ವಸ್ತು. ನಮ್ಮಲ್ಲಿ ಊಟದ ಕ್ರಮವೇ ಬೇರೆ. ಪ್ರತಿಯೊಬ್ಬರಿಗೂ ಬೇರೆ ಎಲೆ, ಬಡಿಸುವುದಕ್ಕೆ ಸೌಟು, ಊಟಕ್ಕೆ ಮೊದಲು ಮತ್ತು ನಂತರ ಕೈತೊಳೆಯುವ ಪದ್ಧತಿ. ಬಾಳೆಲೆಯ ಮೇಲಿನ ಸಾರನ್ನವನ್ನು ಫೋರ್ಕಿನಲ್ಲಿ ಎತ್ತಲು ಹೋದವರು ಹಸಿದುಕೊಂಡೇ ಏಳಬೇಕಾದೀತು. ಒಂದೊಂದು ಊರಿನ ರೀತಿಗೂ ಆ ಊರಿನ ಅಡುಗೆಯಲ್ಲೇ ಕಾರಣವಿರುತ್ತದೆ.

‘ಹಾಲು’ ಮತ್ತು ‘ಆಲು’

ಊಟದಷ್ಟೇ ಮಾತಿನಿಂದಲೂ ಜನರನ್ನು ಅಳೆಯುತ್ತೇವೆ. ತರಗತಿಯಲ್ಲಿ ಒಬ್ಬ ಹುಡುಗ ‘ಹಾಲು’ ಎನ್ನುವ ಬದಲು ‘ಆಲು’ ಎಂದರೆ, ‘ಹಾಸನ’ವನ್ನು ‘ಆಸನ’ ಎಂದರೆ ಉಳಿದವರು ಕಿಸಕ್ಕನೆ ನಗುತ್ತಾರೆ. ತಮಾಷೆಯೆಂದರೆ ಲಂಡನ್ನಿನಲ್ಲೂ ಇದೇ ಕತೆ. ಅಲ್ಲಿನ ದುಡಿಯುವ ಜನ ‘ಹೌಸ್’ ಎನ್ನುವುದನ್ನು ‘ಔಸ್’ ಎನ್ನುತ್ತಾರೆ, ಓದಿದವರು ನಗುತ್ತಾರೆ. ಆದರೆ ಫ್ರೆಂಚರು ‘ಹ’ ಅಕ್ಷರವನ್ನು ಬರೆದರೂ ಉಚ್ಚರಿಸುವುದಿಲ್ಲ. ಅದನ್ನು ಮಾತ್ರ ಸೊಗಸಾದ ಭಾಷೆ ಎನ್ನುತ್ತೇವೆ!

ಇನ್ನೂ ಒಂದು ಸ್ವಾರಸ್ಯ ಕೇಳಿ. ಹಳಗನ್ನಡದಲ್ಲಿ ಹಾಲಿಗೆ ‘ಪಾಲ್’ ಎನ್ನುತ್ತಿದ್ದರು, ಹುಲಿಗೆ ‘ಪುಲಿ’. 10ನೇ ಶತಮಾನದ ಪಂಪ ಈಗ ಬಂದು ನಮ್ಮ ‘ಹಾಲು’ ಕೇಳಿಸಿಕೊಂಡರೆ, ಇವರ ಬಾಯಲ್ಲಿ ‘ಪ’ಕಾರ ಎಲ್ಲಿ ಬಿದ್ದುಹೋಯಿತು ಎಂದು ಅಚ್ಚರಿಪಡಬಹುದು. ‘ಪ’ ಸವೆದು ‘ಹ’ ಆಯಿತು. ಆ ‘ಹ’ವೂ ಸವೆದರೆ ‘ಆಲು’. ಶಾಲೆಯ ಬರಹಕ್ಕೆ ‘ಹಾಲು’ ಎಂದೇ ಕಲಿಯಬೇಕು, ಅದು ಸರಿ. ಆದರೆ ಮನೆಮಾತನ್ನು ಆಡಿದವನು ದಡ್ಡನಲ್ಲ.

ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನಾಟಕದಲ್ಲಿ ಉಚ್ಚಾರಣೆ ಕಲಿಸುವ ಪ್ರೊಫೆಸರನೊಬ್ಬ ಬೀದಿಯಲ್ಲಿ ಹೂ ಮಾರುವ ಎಲೈಜಾಗೆ ದೊಡ್ಡವರ ಮಾತು ಕಲಿಸುತ್ತಾನೆ. ಜನ ಅವಳನ್ನು ದೊಡ್ಡ ಮನೆತನದವಳೆಂದೇ ನಂಬುತ್ತಾರೆ. ಆದರೆ ಎಲೈಜಾ ಕೊನೆಗೆ ಅರಿತುಕೊಳ್ಳುವುದು ಬೇರೆಯದೇ ಸಂಗತಿ. ಒಬ್ಬ ಹೆಣ್ಣುಮಗಳು ಗೌರವಸ್ಥಳಾಗುವುದು ತಾನು ಹೇಗೆ ನಡೆದುಕೊಳ್ಳುತ್ತಾಳೆ ಎಂಬುದಕ್ಕಿಂತ, ಉಳಿದವರು ತನ್ನನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದರಿಂದ.

ಅಕ್ಕಿ-ರಾಗಿಯ ಜಗಳ

ಈ ಪಾಠ ಕಲಿಯಲು ನಾವು ಲಂಡನ್ನಿಗೇ ಹೋಗಬೇಕಾಗಿಲ್ಲ. 16ನೇ ಶತಮಾನದ ಕನಕದಾಸರು ‘ರಾಮಧಾನ್ಯ ಚರಿತೆ’ ಎಂಬ ಕಾವ್ಯವನ್ನೇ ಬರೆದಿದ್ದಾರೆ. ಅದರಲ್ಲಿ ರಾಮನ ಮುಂದೆ ಧಾನ್ಯಗಳಲ್ಲಿ ಯಾವುದು ಶ್ರೇಷ್ಠ ಎಂಬ ಮಾತು ಏಳುತ್ತದೆ. ಭತ್ತ ಬೀಗುತ್ತದೆ, ರಾಗಿಯನ್ನು ಕೀಳು ಜನರ ಆಹಾರವೆಂದು ಹೀಯಾಳಿಸುತ್ತದೆ. ರಾಗಿ ಸುಮ್ಮನಿರುವುದಿಲ್ಲ. ಮಳೆ ಹೋಗಿ ಬರ ಬಂದಾಗ ಜನರ ಜೀವ ಉಳಿಸುವುದು ನಾನು, ನಿನಗೆ ಉಳ್ಳವರ ಮೇಲಷ್ಟೇ ಪ್ರೀತಿ ಎಂದು ತಿರುಗಿ ಕೇಳುತ್ತದೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ಅವಧಿ ಮುಗಿದು ನೋಡಿದರೆ ಭತ್ತ ಸೊರಗಿದೆ, ರಾಗಿ ಗಟ್ಟಿಯಾಗಿಯೇ ಇದೆ. ರಾಮ ರಾಗಿಯನ್ನು ಮೆಚ್ಚಿ ತನ್ನ ‘ರಾಘವ’ ಎಂಬ ಹೆಸರನ್ನೇ ಅದಕ್ಕೆ ಕೊಡುತ್ತಾನೆ.

ಕನಕದಾಸರು ಹೇಳುತ್ತಿದ್ದುದು ಬರೀ ಕಾಳಿನ ಕತೆಯಲ್ಲ ಎಂಬುದು ಅಜ್ಜ-ಅಜ್ಜಿಯರಿಗೆ ಗೊತ್ತು. ನಮ್ಮಲ್ಲಿ ಯಾರು ಏನು ತಿನ್ನುತ್ತಾರೆ, ಯಾರ ಪಕ್ಕ ಕೂತು ತಿನ್ನುತ್ತಾರೆ ಎಂಬುದರ ಮೇಲೆಯೇ ಜಾತಿಯ ಮೇಲು-ಕೀಳು ನಿಂತಿತ್ತು. ಇಂದಿಗೂ ಪೂರ್ತಿ ಹೋಗಿಲ್ಲ.

ಹಳೆ ಮೈಸೂರಿನ ಎಷ್ಟೋ ಮನೆಗಳಲ್ಲಿ ದಿನವೂ ಮುದ್ದೆ, ಹಬ್ಬಕ್ಕೆ ಮಾತ್ರ ಅನ್ನ. ನೆಂಟರು ಬಂದರೆ ಮುದ್ದೆಯ ತಟ್ಟೆಯನ್ನು ಮರೆಮಾಡಿದ ಅಜ್ಜಿಯರೂ ಇದ್ದಾರು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಬಿಳಿ ಅಕ್ಕಿಯಲ್ಲಿ ಬಹಳ ಕಡಿಮೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಈಗ ದೊಡ್ಡ ಹೋಟೆಲಿನ ಪಟ್ಟಿಯಲ್ಲಿ ರಾಗಿಗೆ ಒಳ್ಳೆಯ ಬೆಲೆ. ಹಿಂದೆ ಮರೆಮಾಡಿದ್ದನ್ನೇ ಇಂದು ಮೆರೆಸುತ್ತಿದ್ದೇವೆ.

ಹಾಗಾದರೆ ಶಿಷ್ಟಾಚಾರವೇ ಬೇಡವೇ?

ಬೇಕು, ಖಂಡಿತ ಬೇಕು. ಆದರೆ ಯಾವುದು ಶಿಷ್ಟಾಚಾರ, ಯಾವುದು ಬರೀ ಒಣಜಂಭ ಎಂದು ಬೇರ್ಪಡಿಸಲು ಒಂದು ಸುಲಭದ ಪ್ರಶ್ನೆ ಇದೆ: ಈ ನಿಯಮ ಮುರಿದರೆ ಬೇರೆಯವರಿಗೆ ತೊಂದರೆಯಾಗುತ್ತದೆಯೇ?

ಕೈತೊಳೆಯದೆ ಉಣ್ಣಲು ಕೂತರೆ ತೊಂದರೆ. ಎಲೆ ತುಂಬ ಬಡಿಸಿಕೊಂಡು ಅರ್ಧ ಬಿಟ್ಟೆದ್ದರೆ ನಷ್ಟ. ಸಾಲಿನಲ್ಲಿ ನುಗ್ಗಿದರೆ ಹಿಂದಿನವರಿಗೆ ಅನ್ಯಾಯ. ಹೋಟೆಲಿನಲ್ಲಿ ತಟ್ಟೆ ತಂದುಕೊಡುವ ಅಣ್ಣನಿಗೆ “ಏಯ್, ನೀರು ತಾ” ಎಂದರೆ ಅವನ ಮನಸ್ಸಿಗೆ ನೋವು. ಇವೆಲ್ಲ ನಿಜವಾದ ತಪ್ಪುಗಳು. ಬಸಿಯಲ್ಲಿ ಚಹಾ, ಕೈಯಲ್ಲಿ ಊಟ, ಮನೆಮಾತಿನ ಉಚ್ಚಾರ, ಡಬ್ಬಿಯಲ್ಲಿನ ರೊಟ್ಟಿ-ಚಟ್ನಿಪುಡಿ, ಇವುಗಳಿಂದ ಯಾರಿಗೆ ಏನು ತೊಂದರೆ? ಫೋರ್ಕ್ ಹಿಡಿದು ಚೊಕ್ಕವಾಗಿ ತಿಂದು, ಬಡಿಸುವವನನ್ನು ಗದರಿಸುವವರಿಗಿಂತ ಆ ಅಜ್ಜನೇ ಹೆಚ್ಚು ಸಭ್ಯಸ್ಥ.

ಮಕ್ಕಳೇ, ಫೋರ್ಕ್ ಬಳಸುವುದನ್ನೂ ಕಲಿಯಿರಿ. ಸೈಕಲ್ ಕಲಿತಂತೆ ಅದೂ ಒಂದು ವಿದ್ಯೆ. ಸೈಕಲ್ ಬರುತ್ತದೆಂದು ನಡೆದು ಹೋಗುವವರನ್ನು ಯಾರೂ ಹಂಗಿಸುವುದಿಲ್ಲವಲ್ಲ!

ಅಜ್ಜ-ಅಜ್ಜಿಯರಿಗೂ ಒಂದು ಮಾತು. ಮೊಮ್ಮಕ್ಕಳು ನೂಡಲ್ಸ್ ತಿಂದರೆ, ಹರಿದಂತೆ ಕಾಣುವ ಪ್ಯಾಂಟು ಹಾಕಿದರೆ “ಇದೆಂಥ ಅವತಾರ?” ಎಂದು ನಾವೂ ಮೂಗು ಮುರಿಯುತ್ತೇವೆ. ಅದೂ ಇದೇ ರೋಗದ ಇನ್ನೊಂದು ಮುಖ.

ಮುಂದಿನ ಸಲ ಮನೆಮಂದಿಯೆಲ್ಲ ಹೊರಗೆ ಊಟಕ್ಕೆ ಹೋದಾಗ ಅಜ್ಜ ಬಸಿಗೆ ಚಹಾ ಸುರಿದರೆ, ಪಕ್ಕದ ಮೇಜಿನ ಕಡೆ ನೋಡಬೇಡಿ. ನಿಮ್ಮ ಹಾಲನ್ನೂ ಒಂದು ಬಸಿಗೆ ಸುರಿದುಕೊಂಡು ಅಜ್ಜನ ಮುಖ ನೋಡಿ. ಆ ಚಹಾ ಆರಿಹೋಗುವುದಿಲ್ಲ.