ಕಂಠದೊಳಗಿನ ಕಹಳೆ

ಮಾತು ಬಾರದ ಹಸುಗೂಸು ಒಮ್ಮೆ ಅತ್ತರೆ ಸಾಕು, ತಾಯಿ ಕೈಗೆಲಸ ಬಿಟ್ಟು ಓಡಿ ಬರುತ್ತಾಳೆ. ಕತ್ತಲಲ್ಲಿ ಕೇಳಿದ ಒಂದೇ ಮಾತಿನಿಂದ ಬಂದವರು ಯಾರೆಂದು ತಿಳಿಯುತ್ತೇವೆ. ಗಾಯಕನ ಆಲಾಪನೆಗೆ ಸಭೆಯೇ ತಲೆದೂಗುತ್ತದೆ. ಇಷ್ಟೆಲ್ಲವನ್ನೂ ಸಾಧಿಸುವ ಧ್ವನಿ ಹುಟ್ಟುವುದು, ಬೆರಳಿನ ಒಂದು ಗೆಣ್ಣಿನಷ್ಟು ಉದ್ದವಿರುವ ಎರಡು ಮಡಿಕೆಗಳ ನಡುವೆ ಎಂದರೆ ಅಚ್ಚರಿಯಾಗದೆ ಇರದು.

ಶ್ವಾಸನಾಳದ ತುದಿಯಲ್ಲಿ ಮೃದ್ವಸ್ಥಿಗಳಿಂದಾದ ಒಂದು ಗೂಡಿದೆ, ಇದೇ ಧ್ವನಿಪೆಟ್ಟಿಗೆ. ಇದರೊಳಗೆ ಎಡಕ್ಕೊಂದು, ಬಲಕ್ಕೊಂದು ಮಡಿಕೆ ಮುಂದಿನಿಂದ ಹಿಂದಕ್ಕೆ ಚಾಚಿಕೊಂಡಿವೆ. ಒಳಗೆ ಸ್ನಾಯು, ಅದರ ಮೇಲೆ ಮೆತ್ತನೆಯ ಲೋಳೆಪೊರೆ. ಗಂಡಸರಲ್ಲಿ ಇವುಗಳ ಉದ್ದ ಸುಮಾರು 17ರಿಂದ 25 ಮಿಲಿಮೀಟರು. ಹೆಂಗಸರಲ್ಲಿ ಇನ್ನೂ ಕಡಿಮೆ. ಉಸಿರಾಡುವಾಗ ಇವು ದೂರ ಸರಿದು ದಾರಿ ಬಿಡುತ್ತವೆ; ನುಂಗುವಾಗ ಬಿಗಿಯಾಗಿ ಮುಚ್ಚಿ, ಅನ್ನನೀರು ಶ್ವಾಸಕೋಶಕ್ಕೆ ಇಳಿಯದಂತೆ ಕಾಯುತ್ತವೆ. ಈ ಕಾವಲುಗಾರರೇ ಮಾತಿಗೂ ಸಂಗೀತಕ್ಕೂ ಒದಗಿದ್ದು ಪ್ರಕೃತಿಯ ಚಮತ್ಕಾರ.

ಇವನ್ನು ಧ್ವನಿತಂತುಗಳೆಂದು ಕರೆಯುವುದು ರೂಢಿ. ಫ್ರಾನ್ಸ್ ದೇಶದ ಫೆರೀನ್ ಎಂಬ ಅಂಗರಚನಾ ಶಾಸ್ತ್ರಜ್ಞನು 1741ರಲ್ಲಿ ಇವನ್ನು ವಾದ್ಯದ ತಂತಿಗೂ, ಉಸಿರನ್ನು ಅದರ ಮೇಲೆ ಆಡುವ ಕಮಾನಿಗೂ ಹೋಲಿಸಿದನು. ಹೆಸರೇನೋ ಉಳಿಯಿತು, ಹೋಲಿಕೆ ಮಾತ್ರ ಸರಿಹೊಂದಲಿಲ್ಲ. ಅವನಿಗಿಂತ ಸುಮಾರು ಐದು ಶತಮಾನಗಳ ಹಿಂದೆಯೇ ನಮ್ಮ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಶಬ್ದದ ಹುಟ್ಟನ್ನು ವಿವರಿಸುತ್ತ ಗಾಳಿಯನ್ನೂ ಕಹಳೆಯನ್ನೂ ನೆನೆದಿದ್ದಾನೆ. ಆತ ವೈಯಾಕರಣನೇ ಹೊರತು ವೈದ್ಯನಲ್ಲ. ಶಬ್ದದ ಮೂಲವನ್ನು ನಾಭಿಯಲ್ಲಿ ಕಂಡವನು. ಆದರೂ ಕಹಳೆಯ ಉಪಮೆ ತಂತಿಗಿಂತ ನಿಜಕ್ಕೆ ಹತ್ತಿರ. ಕಹಳೆಯನ್ನು ಊದುವವನ ತುಟಿಗಳು ಗಾಳಿಯ ರಭಸಕ್ಕೆ ಅದುರುವಂತೆಯೇ ಕಂಠದ ಈ ಮಡಿಕೆಗಳೂ ಅದುರುತ್ತವೆ.

ಅದು ಹೀಗೆ: ಮಾತನಾಡಬೇಕೆಂದಾಗ ಸ್ನಾಯುಗಳು ಮಡಿಕೆಗಳೆರಡನ್ನೂ ಹತ್ತಿರಕ್ಕೆ ತರುತ್ತವೆ. ಕೆಳಗಿನಿಂದ ಬಂದ ಉಸಿರು ತಡೆದು ನಿಂತು ಒತ್ತುತ್ತದೆ. ಮೊದಲು ಕೆಳ ಅಂಚು, ಬಳಿಕ ಮೇಲಂಚು ಬಿಚ್ಚಿಕೊಂಡು ಒಂದು ಗುಟುಕು ಗಾಳಿ ಹೊರಗೆ ನುಗ್ಗುತ್ತದೆ. ಕೂಡಲೇ ಮಡಿಕೆಗಳು ತಮ್ಮ ಸ್ಥಿತಿಸ್ಥಾಪಕ ಗುಣದಿಂದಲೂ, ನಡುವೆ ಗಾಳಿಯ ಒತ್ತಡ ತಗ್ಗುವುದರಿಂದಲೂ ಮರಳಿ ಕೂಡುತ್ತವೆ. ಮತ್ತೆ ಒತ್ತಡ, ಮತ್ತೆ ಬಿಚ್ಚುವಿಕೆ. ಗಂಡಸರ ಮಾತಿನಲ್ಲಿ ಇದು ಸೆಕೆಂಡಿಗೆ ಸುಮಾರು 120 ಸಲ, ಹೆಂಗಸರಲ್ಲಿ ಸುಮಾರು 200 ಸಲ ನಡೆಯುತ್ತದೆ. ಗಾಳಿಯ ಈ ಗುಟುಕುಗಳ ಸಾಲೇ ನಮ್ಮ ಕಿವಿಗೆ ನಾದ.

ವಾಚಕರು ಈಗಲೇ ಪರೀಕ್ಷಿಸಿ ನೋಡಬಹುದು. ಗಂಟಲಿನ ಮೇಲೆ ಬೆರಳಿಟ್ಟು 'ಸ್' ಎಂದು ಎಳೆಯಿರಿ. ಬೆರಳಿಗೆ ಏನೂ ತಿಳಿಯದು. 'ಮ್' ಎಂದು ಎಳೆಯಿರಿ. ಜುಮ್ಮೆನ್ನುವ ಕಂಪನ ತಿಳಿಯುತ್ತದೆ.

ಇದನ್ನು ಕಣ್ಣಾರೆ ಕಾಣುವ ಹಂಬಲ ಹೊತ್ತವನು ವೈದ್ಯನಲ್ಲ, ಸಂಗೀತದ ಗುರು. ಸ್ಪೇನ್ ಮೂಲದ ಮ್ಯಾನುಯೆಲ್ ಗಾರ್ಸಿಯಾ 1854ರಲ್ಲಿ ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಗಂಟಲಿನ ಹಿಂಭಾಗಕ್ಕೆ ಹಿಡಿದು, ಇನ್ನೊಂದು ಕನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಹಾಯಿಸಿದನು. ಹಾಡುವ ತನ್ನದೇ ಕಂಠದ ಮಡಿಕೆಗಳು ಅವನಿಗೆ ಗೋಚರವಾದವು! ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ಈ ಸಂಗತಿಯನ್ನು ನಿವೇದಿಸಿದನು.

ಆದರೂ ವಿವಾದ ಮುಗಿಯಲಿಲ್ಲ. ಒಂದೊಂದು ಕಂಪನಕ್ಕೂ ಮಿದುಳಿನಿಂದ ಒಂದೊಂದು ಆಜ್ಞೆ ಬರುತ್ತದೆಂದು 1950ರಲ್ಲಿ ಫ್ರಾನ್ಸಿನ ಹಸ್ಸನ್ ವಾದಿಸಿದನು. ಆದರೆ ದೇಹದಿಂದ ಬೇರ್ಪಡಿಸಿದ ಧ್ವನಿಪೆಟ್ಟಿಗೆಯಲ್ಲಿ ಮಡಿಕೆಗಳನ್ನು ಕೂಡಿಸಿ ಗಾಳಿ ಊದಿದರೂ ಅದು ನಾದ ಹೊರಡಿಸುತ್ತದೆ! ಅಲ್ಲಿ ಆಜ್ಞೆ ಕೊಡುವ ಮಿದುಳೆಲ್ಲಿದೆ? 1958ರಲ್ಲಿ ಡಚ್ ವಿಜ್ಞಾನಿ ವಾನ್ ಡೆನ್ ಬರ್ಗ್, ಗಾಳಿಯ ಒತ್ತಡವೂ ಮಡಿಕೆಗಳ ಸ್ಥಿತಿಸ್ಥಾಪಕತೆಯೂ ಸೇರಿ ಕಂಪನವಾಗುವುದೆಂಬುದನ್ನು ನೆಲೆಗೊಳಿಸಿದನು. ಮಿದುಳು ಶ್ರುತಿ ಹೂಡುತ್ತದೆ, ನುಡಿಸುವುದು ಉಸಿರು.

ಶ್ರುತಿ ಏರಿಸಬೇಕಾದರೆ ಮಡಿಕೆಗಳನ್ನು ಎಳೆದು ಬಿಗಿಗೊಳಿಸಿದರಾಯಿತು. ಅ, ಇ, ಉ ಎಂಬ ಭೇದಗಳೇ ಬೇರೆ. ಅವನ್ನು ರೂಪಿಸುವುದು ನಾಲಗೆ, ತುಟಿ, ಬಾಯ ಪೊಳ್ಳು.

ಈಗ ಒಂದು ಲೆಕ್ಕ. ಸೆಕೆಂಡಿಗೆ 200ರಂತೆ ಒಂದು ಗಂಟೆ ನಾದ ಹೊರಡಿಸಿದರೆ ಈ ಕೋಮಲ ಪೊರೆಗಳು 7,20,000 ಸಲ ಒಂದನ್ನೊಂದು ತಾಕುತ್ತವೆ! ಗದ್ದಲದ ತರಗತಿಯಲ್ಲಿ ದಿನವಿಡೀ ಕೂಗಿ ಪಾಠ ಹೇಳುವ ಉಪಾಧ್ಯಾಯಿನಿಯ ಕಂಠ ಸಂಜೆಗೆ ಒಡೆಯುವುದು ಇದರಿಂದಲೇ. ಪೆಟ್ಟು ಹೆಚ್ಚಿದಂತೆ ಪೊರೆ ಊದಿಕೊಳ್ಳುತ್ತದೆ. ವಿಶ್ರಾಂತಿ ದೊರೆಯದಿದ್ದರೆ ಅಂಚಿನಲ್ಲಿ ಗಂಟುಗಳೇಳುತ್ತವೆ. ಆಗ ಮಡಿಕೆಗಳು ಪೂರ್ತಿ ಕೂಡಲಾರವು. ಸಂದಿನಲ್ಲಿ ಗಾಳಿ ಸೋರಿ ಸ್ವರ ಬಿರುಸಾಗುತ್ತದೆ. ಸಾಕಷ್ಟು ನೀರು, ನಡುನಡುವೆ ಮೌನ, ಧೂಮಪಾನದ ವರ್ಜನೆ ಇವೇ ಮೊದಲ ಮದ್ದು.

ಗಂಟಲು ಕಟ್ಟಿದುದು ಮೂರು ನಾಲ್ಕು ವಾರಗಳಾದರೂ ಬಿಡದಿದ್ದರೆ ಕಷಾಯ ಕುಡಿದು ಸುಮ್ಮನಿರಬಾರದು. ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಕಂಠದ ಅರ್ಬುದವೂ ಮೊದಲು ಈ ರೂಪದಲ್ಲಿ ಕಾಣಿಸಿಕೊಳ್ಳುವುದುಂಟು. ಬೇಗ ತಿಳಿದರೆ ಗುಣವಾಗುವ ಸಂಭವ ಹೆಚ್ಚು. ವೀಣೆಯ ತಂತಿ ಕಡಿದರೆ ಅಂಗಡಿಯಿಂದ ಬೇರೊಂದು ತರಬಹುದು. ಈ ಕಹಳೆಗೆ ಮಾತ್ರ ಜನ್ಮಕ್ಕೆ ಒಂದೇ ಜೊತೆ ತುಟಿ.